ನೀರಿಗೆ ನೆನಪಿಲ್ಲ

ವೀಗೊ ಬಂದರಿನ ಹಿಂದೆ, ಮೂರನೆಯ ಮಹಡಿ.
ಮಾರ್ಚಿಯ ಒಂದು ಮಂಗಳವಾರ, ಇರುಳು ಎಂಟು.
ಸೂಕ್ಷ್ಮದರ್ಶಕದ ಕೆಳಗೆ ಹನಿ,
ಹನಿಯೊಳಗೆ ನನ್ನ ಮಣಿಗಳು:
ಒಂದು ಕೂದಲಿನ ಅಗಲಕ್ಕೆ ಇಪ್ಪತ್ತು ಸಾಲಾಗಿ ನಿಂತಾವು.
ಒಂದು ಮಗ್ಗುಲು ಗಾಜು, ಇನ್ನೊಂದು ಪ್ಲಾಟಿನಂ.
ಗಾಜಿಗೆ ಹಸಿವಿಲ್ಲ.
ಪ್ಲಾಟಿನಂ ಪೆರಾಕ್ಸೈಡನ್ನು ಮುರಿದು ತಿನ್ನುತ್ತದೆ,
ತಿಂದ ಕಡೆಗೆ ಬೆನ್ನು ಹಾಕಿ
ಹೊರಟುಬಿಡುತ್ತದೆ ಇಡೀ ಮಣಿ,
ಉಂಡ ಮನೆಯ ಋಣ ನೆನೆಯದ ನೆಂಟನ ಹಾಗೆ.

ಈಜು ಅನ್ನುತ್ತೇವೆ ಇದನ್ನು.
ಕೈಯಿಲ್ಲ, ಕಾಲಿಲ್ಲ, ಬಾಲವಿಲ್ಲ.
ಇಷ್ಟು ಚಿಕ್ಕವರಿಗೆ ನೀರೂ ಜೇನು.
ತಳ್ಳುವುದು ನಿಂತಿತೋ, ನಿಂತಲ್ಲೇ ನಿಲುಗಡೆ;
ಓಡಿದ ಓಟದ ಉಳಿಕೆಯಲ್ಲಿ ಇನ್ನಷ್ಟು ದೂರ ಜಾರುವುದು
ದೊಡ್ಡ ಮೈಯವರ ಸುಖ.

ಚಿಪ್ಪಿನ ಪಾಡು ಇನ್ನೂ ಕಷ್ಟ.
ತೆರೆ, ಮುಚ್ಚು. ತೆರೆ, ಮುಚ್ಚು.
ಬೇಗ ಮಾಡು, ನಿಧಾನ ಮಾಡು,
ಒಂದೇ ಕೀಲಿನ ಪುಟಾಣಿ ಚಿಪ್ಪು ಎಷ್ಟು ಬಾಯಿ ಬಡಿದುಕೊಂಡರೂ
ಹೊರಟಲ್ಲಿಗೇ ವಾಪಸು.
ನೀರಿಗೆ ನೆನಪಿಲ್ಲ;
ಬರೆದದ್ದೂ ಒರೆಸಿದ್ದೂ ಅದಕ್ಕೆ ಒಂದೇ ಲೆಕ್ಕ.

ಅಮ್ಮ ಬಂದಳು, ಬಕೆಟ್ಟಿನ ಸಮೇತ.
ಡೊರಿಂಡಾ, ಕಂಬಾದೋಸಿನ ಚಿಪ್ಪುಗಾರ್ತಿ,
ನಲವತ್ತೊಂದು ವರ್ಷ ಗಡಿಯಾರ ನೋಡದೆ
ಕಡಲ ಇಳಿತ ನೋಡಿ ಎದ್ದವಳು.
ಬಸ್ಸು ತಪ್ಪಿತ್ತು. ಬೂಟಿನಲ್ಲಿ ಇನ್ನೂ ಕೆಸರು.
ಕಣ್ಣು ಕಿರಿದು ಮಾಡಿ ಬಗ್ಗಿದಳು.
"ಇವಕ್ಕೇನು ಕೆಲಸ, ಸಬೆಲಾ?"
ಎದೆಯ ಕಫ ತೂರಿ ಔಷಧ ಒಯ್ಯುವುದು, ಅಂದೆ.
ಎಂದೋ ಒಂದು ದಿನ. ಸದ್ಯ ಇಲ್ಲ.
ಬ್ರೈಸ್‌ನ ಹೆಸರು
ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗಾಜುಪಟ್ಟಿ ಬದಲಿಸಿದೆ.
ಹಂದಿಯ ಹೊಟ್ಟೆಯಿಂದ ತೆಗೆದ ಲೋಳೆ,
ಮೈಯೆಲ್ಲ ಸಿಕ್ಕು, ದಾರದೊಳಗೆ ದಾರ.
ಇಲ್ಲಿ ಮಣಿ ತಳ್ಳಿದ್ದು ತಡವಾಗಿ ಮಣಿಯ ಮೇಲೇ ಮರಳುತ್ತದೆ.
ನೆಟ್ಟಗೆ ನಡೆಯುತ್ತಿದ್ದದ್ದು ಹೆಜ್ಜೆಗೊಮ್ಮೆ ಹೊರಳುತ್ತದೆ;
ಕೆಲವು ಗಾಣದೆತ್ತಾಗಿವೆ.
"ಕುಡಿದಿವೆ," ಅಂದಳು ಅಮ್ಮ.
ಅಲ್ಲ, ಲೋಳೆಗೆ ನೆನಪಿದೆ, ಅಂದೆ,
ಅರೆಗಳಿಗೆಯ ನೆನಪು. ಆದರೆ ಚಿಪ್ಪಿಗೆ ಅಷ್ಟು ಸಾಕು:
ಪಕ್ಕದ ಕೋಣೆಯಲ್ಲಿ ಉಶಿಯಾ ಮಾಡಿದ ರಬ್ಬರು ಚಿಪ್ಪು
ಮೆಲ್ಲಗೆ ತೆರೆದು ಚಟ್ಟನೆ ಮುಚ್ಚಿದರೆ
ಇಂಥ ಲೋಳೆಯಲ್ಲಿ ಸಾಗುತ್ತದೆ ಮುಂದೆ,
ಒಂದು ಸಲಕ್ಕೆ ಕೂದಲಿನಷ್ಟು.

ಅಮ್ಮ ನಕ್ಕಳು.
"ಕೆಸರಲ್ಲಿ ಕಾಲು ಸಿಕ್ಕರೆ ಕಿತ್ತೆಳೆಯಬಾರದು.
ಎಳೆದಷ್ಟೂ ಹಲ್ಲು ಕಚ್ಚುತ್ತದೆ.
ಹಿಮ್ಮಡಿ ಅಲುಗಿಸು. ಕಾಯಿ. ಇನ್ನೊಮ್ಮೆ ಅಲುಗಿಸು.
ಅದಕ್ಕೇ ಬೇಸರ ಬಂದು ಬಿಡುತ್ತದೆ.
ಇದನ್ನು ಹೇಳೋಕೆ ನಿನಗೆ ಸಂಬಳ ಕೊಡ್ತಾರೇನೇ?"
ಕೊಡುತ್ತಾರೆ. ಜೂನ್‌ವರೆಗೆ.

ಒಂಬತ್ತೂಕಾಲಿನ ಬಸ್ಸಿಗೆ ಹೊರಟಳು, ಬಕೆಟ್ಟು ಬಿಟ್ಟು.
ದೀಪ ಆರಿಸಿದೆ.
ಕತ್ತಲಲ್ಲೂ ತಿನ್ನುತ್ತಿರುತ್ತವೆ, ತಿಂದು ಸರಿಯುತ್ತಿರುತ್ತವೆ,
ನೋಡುವವರ ಹಂಗಿಲ್ಲದೆ.
ಬೆಳಗಿನೊಳಗೆ ಪೆರಾಕ್ಸೈಡು ಮುಗಿದಿರುತ್ತದೆ.
ಆಮೇಲೂ ನಿಲ್ಲುವುದಿಲ್ಲ ಮಣಿ:
ಸುತ್ತಲ ನೀರು ಗುದ್ದಿದ್ದಕ್ಕೆ
ಬಿಸಿಲುಕೋಲಿನ ಧೂಳಿನಂತೆ ಕಂಪಿಸುತ್ತಿರುತ್ತದೆ.
ಈಜುವುದು ಯಾವುದು, ಬರಿದೇ ನಡುಗುವುದು ಯಾವುದು,
ಹೇಳಬೇಕಾದರೆ ನನಗೆ
ಹತ್ತು ಸಾವಿರ ಚಿತ್ರ ಬೇಕು, ಎರಡು ದಿನದ ಲೆಕ್ಕ ಬೇಕು.

ಬಾಗಿಲ ಬಳಿ ಕೋಟು ತೊಡುತ್ತ
ಅಮ್ಮ ಅಂದಿದ್ದಳು, ತಿರುಗಿ ನೋಡದೆ:
"ಎಡಮೂಲೆಯದ್ದು ಅಲುಗ್ತಿದೆ, ಸರಿ.
ಆದರೆ ಅದು ಹೋಗಿದೆ, ಮಗಳೆ."

ಬಕೆಟ್ಟಿನಲ್ಲಿ ಒಂದು ಚಿಪ್ಪು
ಸಣ್ಣಗೆ ನೀರು ಚಿಮ್ಮಿತು.