ಟೇಪಿನ ಇನ್ನೊಂದು ತುದಿ

ಇಂಜಿನಿಯರು ಗದಗಿನ ಕಡೆಯವರು, ಹೊಸಬರು.
"ಒಂದೀಟು ಹಿಡೀರಿ" ಎಂದು ಟೇಪಿನ ತುದಿ ಕೈಗಿಟ್ಟರು.
ಅಂದಿನಿಂದ ಮೂರು ದಿನ
ನಲವತ್ತೆಂಟು ಮನೆಗಳ ಮೂಲೆ ಮೂಲೆಗೆ
ಸೊನ್ನೆಯನ್ನು ಒತ್ತಿ ನಿಂತವನು ನಾನು.

ಕೋಡಿಬಾಗದ ಈ ಚಾಳಿಗೆ ಕಾಗದದಲ್ಲಿ ದೊಡ್ಡ ಹೆಸರು:
ದುರ್ಬಲ ವರ್ಗದವರ ವಸತಿ ಸಂಕೀರ್ಣ, ಎ ಬ್ಲಾಕ್, ಬಿ ಬ್ಲಾಕ್.
ನಮ್ಮ ಬಾಯಲ್ಲಿ ಬರೀ ಬಿಲ್ಡಿಂಗು.
ಬಿಲ್ಡಿಂಗಿನ ನಾಯಿ, ಬಿಲ್ಡಿಂಗಿನ ಜಗಳ,
ಬಿಲ್ಡಿಂಗಿಗೆ ಇವತ್ತು ನೀರು ಬಂತಾ.
ನಗರಸಭೆಯ ವಾಲ್ವ್ ತಿರುಗಿಸುವವನು ನಾನೇ,
ಆದ್ದರಿಂದ ಬೈಗುಳವೂ ನನಗೇ.

ಅವರು ಸಣ್ಣ ಸುತ್ತಿಗೆಯಿಂದ ಛಾವಣಿ ತಟ್ಟುತ್ತಿದ್ದರು,
ಹಲಸಿನಹಣ್ಣು ತಟ್ಟಿ ನೋಡುವ ಹಾಗೆ.
ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಪೊಳ್ಳು.
ಸುಲೋಚನಾ ಹರಿಕಂತ್ರಳ ಮನೆಯಲ್ಲಿ ಬರೀ ಡಬ್,
ತೊಟ್ಟಿಲು ಕಟ್ಟಿದ ಕೊಕ್ಕೆಯ ಸುತ್ತಲೂ ಡಬ್.
ಮೀನಿನ ಬುಟ್ಟಿ ಇಳಿಸದೆಯೇ ಆಕೆ ಕೇಳಿದಳು:
"ರಿಪೇರಿ ಅಂತ ಹೊರಗೆ ಹಾಕಿ, ಆಮೇಲೆ ಬೀಗವಾ?"
ಇಂಜಿನಿಯರು ಮೇಲೆ ನೋಡುತ್ತಲೇ ಇದ್ದರು.

ಅಂದಾಜು ಪಟ್ಟಿ ಎರಡು ಸಲ ವಾಪಸು ಬಂತು.
ಹೊಸ ಮನೆ ಕಟ್ಟಲು ಲೆಕ್ಕಶೀರ್ಷಿಕೆ ಉಂಟಂತೆ,
ಇದ್ದ ಮನೆ ಉಳಿಸಲು ಇಲ್ಲವಂತೆ.
ಶೀರ್ಷಿಕೆಯೇ ಇಲ್ಲದ ನಲವತ್ತೆಂಟು ಮನೆ!
ಹೊಸದೇ ಬೇಕಿದ್ದರೆ ಹದಿನಾರು ಕಿಲೋಮೀಟರು ಆಚೆ,
ಗುಡ್ಡ ಕಡಿದ ಜಾಗದಲ್ಲಿ, ಮೊದಲ ಬಸ್ಸು ಏಳೂವರೆಗೆ.
ಏಳೂವರೆಗೆ ಮೀನು ಮಾರ್ಕೆಟ್ಟಿನಲ್ಲಿ ಉಳಿಯುವುದು
ಮಂಜುಗಡ್ಡೆಯ ನೀರು, ಮತ್ತು ಬೆಕ್ಕು.
ಇದನ್ನು ಅರ್ಜಿಯಲ್ಲಿ ಬರೆಯಲೇಬೇಕೆಂದು
ಫಿಲೊಮಿನಾ ಬಾಯಿಯ ಹಟ.
ಬೆಕ್ಕನ್ನೂ ಬರೆದೆವು.

"ಹಾನಿಗೆ ಕಾರಣ" ಎಂಬ ಕಾಲಮ್ಮಿನಲ್ಲಿ
ಇಂಜಿನಿಯರು ತುಂಬಿದ್ದು: ಸಮುದ್ರದ ಗಾಳಿ.
ನಾನು ಸುಮ್ಮನಿದ್ದೆ.
ಗಾಳಿಗೆ ಯಾರೂ ನೋಟೀಸು ಕೊಡುವುದಿಲ್ಲ.

ಎಂಬತ್ತನಾಲ್ಕರಲ್ಲಿ ನನಗೆ ಹದಿನಾಲ್ಕು.
ಹೊಳೆಮರಳಿನ ಬಿಲ್ಲು, ಕಡಲಮರಳಿನ ಗೋಡೆ.
ಬೆಳಕು ಹರಿಯುವ ಮೊದಲೇ ಬಾ ಎಂದಿದ್ದ ಕಂಟ್ರಾಕ್ಟರು.
ಬುಟ್ಟಿಗೆ ನಾಲ್ಕಾಣೆ. ಒದ್ದೆ ಮರಳು,
ಕಿವಿಯ ಹಿಂದೆ ಇಳಿಯುವ ಉಪ್ಪುನೀರು.
ಆ ದುಡ್ಡಿನಲ್ಲಿ ಒಂದು ಟಾರ್ಚು ಕೊಂಡೆ.
ಹನ್ನೊಂದು ವರ್ಷ ಕಳೆದು ಇದೇ ಬಿಲ್ಡಿಂಗಿನಲ್ಲಿ
ಮನೆ ಸಿಕ್ಕಿದಾಗ, ಮೊದಲ ರಾತ್ರಿ
ಗೋಡೆ ನೆಕ್ಕಿ ನೋಡಿದ್ದೆ.
ಹೆಂಡತಿ ನಕ್ಕಿದ್ದಳು, ಹುಚ್ಚನ್ನ ಕಟ್ಟಿಕೊಂಡೆ ಅಂತ.

ದುಡ್ಡು ಬಂತು, ಪೂರ್ತಿ ಅಲ್ಲ.
ಎ ಬ್ಲಾಕಿಗೆ ಈ ವರ್ಷ, ಬಿ ಬ್ಲಾಕಿಗೆ ಮುಂದಿನ ಕಂತು.
ನಮ್ಮದು ಬಿ.
ನಾಲ್ಕು ತಿಂಗಳಿಗೆ ಅದೇ ಮನೆ ಅದೇ ಬಾಡಿಗೆ ಎಂದು
ಮುದ್ರೆ ಹೊಡೆದ ಚೀಟಿ ಕೊಟ್ಟರು;
ಸುಲೋಚನಾ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದಳು.
ಎ ಬ್ಲಾಕಿನ ಪಾತ್ರೆ, ಬಲೆ, ತೊಟ್ಟಿಲು, ಒಂದು ಫ್ರಿಜ್ಜು
ನಮ್ಮ ವರಾಂಡಕ್ಕೆ ಬಂದು ಕೂತವು.
ಎರಡು ಸಂಸಾರಕ್ಕೆ ಒಂದು ನಲ್ಲಿ.
ನಾನು ವಾಲ್ವನ್ನು ಹತ್ತು ನಿಮಿಷ ತಡವಾಗಿ ಮುಚ್ಚತೊಡಗಿದೆ.
ಇದನ್ನು ಯಾರಿಗೂ ಹೇಳಬೇಡಿ.

ಪ್ಲಾಸ್ಟರು ಕೆಡವಿದ ದಿನ ಕಬ್ಬಿಣದ ಸರಳು
ಕೈಯಲ್ಲೇ ಚಕ್ಕುಲಿಯಂತೆ ಮುರಿಯಿತು.
ಪುಡಿಯ ನಡುವೆ ಒಂದು ಬಳಚಿನ ಚಿಪ್ಪು,
ಎರಡೂ ಹೋಳು ಇನ್ನೂ ಅಂಟಿಕೊಂಡೇ.
ಇಂಜಿನಿಯರು ಅದನ್ನೆತ್ತಿ ನನ್ನತ್ತ ನೋಡಿದರು:
"ಗಾಳಿ ಇದನ್ನ ಒಳಗ ತಂದಿಟ್ಟಿತೇನ್ರಿ?"

ಹೇಳಿದೆ. ಟಾರ್ಚಿನ ವಿಷಯವನ್ನೂ ಹೇಳಿದೆ.
ಅವರು ಏನೂ ಬರೆದುಕೊಳ್ಳಲಿಲ್ಲ.
ಚಿಪ್ಪನ್ನು ಅಂಗಿಯ ಜೇಬಿಗೆ ಹಾಕಿ,
"ನಾಳೆ ಮರಳಿನ ಲಾರಿ ಬರತೈತಿ, ನೀವ ನಿಲ್ರಿ" ಎಂದರು.

ಲಾರಿ ಬಂತು, ಬೆಳಕು ಹರಿದ ಮೇಲೆ.
ಇಳಿಸುವ ಮೊದಲು ಗಾಲಿಯ ಮೇಲೆ ಕಾಲಿಟ್ಟು ಹತ್ತಿ
ಚಿಟಿಕೆ ಮರಳು ನಾಲಿಗೆಗಿಟ್ಟೆ.
ಮೇಲಿನ ಕಟಾಂಜನದುದ್ದಕ್ಕೂ ಹೆಂಗಸರು.
"ಬಾಯಿ ಬಿಟ್ಟು ಹೇಳೋ" ಎಂದಳು ಫಿಲೊಮಿನಾ ಬಾಯಿ.

ಉಗುಳಿ, ಬಾಯೊರೆಸಿಕೊಂಡು ಹೇಳಿದೆ:
ಸಪ್ಪೆ.