ದಪ್ಪ ತಂತಿ

ಬೋನ ಮಾಮನ ಗಿಟಾರಿಗೆ ತಂತಿ ನಾಲ್ಕೇ.
ಉಳಿದೆರಡು ಎಲ್ಲಿ ಎಂದು ಕೇಳಿದವರಿಗೆ
‘ಅಡವಿಟ್ಟಿದ್ದೇನೆ’ ಅನ್ನುತ್ತಾನೆ.

ನಾನು ಧಕ್ಕೆಯಲ್ಲಿ ಬೋಟಿನ ಇಂಜಿನ್ ಬಿಚ್ಚುವವನು,
ಲೋಹಿತಾಕ್ಷ ಪುತ್ರನ್.
ಆರು ಸಿಲಿಂಡರಿನಲ್ಲಿ ಯಾವುದು ಕೆಮ್ಮುತ್ತಿದೆ ಅಂತ
ಹಲಗೆಯ ಮೇಲೆ ಬರಿಗಾಲಲ್ಲಿ ನಿಂತೇ ಹೇಳಿಯೇನು.
ಹಾಗಾಗಿಯೇ ಇರಬೇಕು,
ಬೆಂದೂರಿನ ಆ ರೋಸ್ ಮನೆಯ ಚಪ್ಪರದಲ್ಲಿ
ಮದುಮಗಳ ತಲೆಗೆ ತೆಂಗಿನ ಹಾಲು ಸುರಿಯುವಾಗ,
ಎಲ್ಲರ ಕಣ್ಣು ಹಾಡುವವಳ ಮೇಲಿರುವಾಗ,
ನನ್ನ ಅಂಗಾಲು ಮಾತ್ರ
ಬೇರೆ ಯಾರನ್ನೋ ಕೇಳುತ್ತಿತ್ತು.

ಹಡಗಿನ ಬ್ಯಾಂಡಿನಲ್ಲಿದ್ದನಂತೆ. ಎಪ್ಪತ್ತನಾಲ್ಕರಲ್ಲಿ
ಕೋಬೆ ಬಂದರಿನ ಗಿರವಿ ಅಂಗಡಿಯಲ್ಲಿ
ಕೈಗಡಿಯಾರ ಬಿಚ್ಚಿಕೊಟ್ಟು ತಂದದ್ದು.
ಅಮೆರಿಕದ್ದರ ಜಪಾನೀ ನಕಲು.
ಆದರೆ ನಕಲಿಗೂ ಐವತ್ತು ದಾಟಿದರೆ
ಕುಲಗೋತ್ರ ಬರುತ್ತದೆ ಮಾರಾಯ,
ಹೆಬ್ಬೆರಳು ಊರಿದಲ್ಲಿ ಬಣ್ಣ ಹೋಗಿ
ಮರ ತೋರುತ್ತದೆ, ಸವೆದ ಹೊಸಿಲಿನ ಹಾಗೆ.

ಫಳ್ನೀರಿನ ಅವನ ಕೋಣೆಯಲ್ಲಿ
ಬೂಷ್ಟು ಹಿಡಿದ ರೆಕಾರ್ಡುಗಳು.
ಒಂದು ಮಗ್ಗುಲಿಡೀ ಒಂದೇ ಹಾಡು:
ಹಾಡುಗಾರ ಬಾಯಿ ತೆರೆಯುವಷ್ಟರಲ್ಲಿ
ಕುಚ್ಚಲಕ್ಕಿ ಗಂಜಿ ಬೆಂದಿರುತ್ತದೆ.
‘ಅವನನ್ನು ಬಿಡು. ಕೆಳಗೆ ಕೇಳು’ ಅನ್ನುತ್ತಾನೆ.
ಕೆಳಗೆ,
ತಕಿಟ ತಕಧಿಮಿ
ತಕಿಟ ತಕಧಿಮಿ
ಇದು ನಮ್ಮ ಮಿಶ್ರಛಾಪು ಅಲ್ಲವಾ ಅಂದೆ.
ಏಳು ಯಾರಪ್ಪನ ಸೊತ್ತೂ ಅಲ್ಲ ಅಂದ.
ರಟ್ಟಿನ ಮೇಲಿನ ಫೋಟೋ ತೋರಿಸಿದ:
ಉದ್ದ ಕೂದಲಿನವರ ನಡುವೆ ಬೇಸಿನವನು
ಯಾವಾಗಲೂ ಅಂಚಿಗೆ,
ಅರ್ಧ ಮುಖ ಕತ್ತಲಿಗೆ ಕೊಟ್ಟು.

ಒಮ್ಮೆ ಕುಲಶೇಖರದ ಮದುವೆಯಲ್ಲಿ
ಬೈಲಾದ ನಡುವೆ ಗುಟ್ಟಾಗಿ ಒಂದು ಏಳು ತೂರಿಸಿದ.
ಕುಣಿಯುತ್ತಿದ್ದ ಮದುಮಗನ ಸೋದರಮಾವ
ಇಲ್ಲದ ಮೆಟ್ಟಿಲು ಇಳಿದವನಂತೆ ತಡವರಿಸಿ
ಗ್ಲಾಸು ಚೆಲ್ಲಿ
ನೆಲಕ್ಕೆ ಬೈದ.

ಕಳೆದ ಮಳೆಗಾಲ ಅದರ ಪಿಕಪ್ ಸತ್ತಿತು.
ಉಪ್ಪುಗಾಳಿ ಯಾವುದನ್ನು ಬಿಡುತ್ತದೆ?
ಬೋಟಿನ ಹಾಳಾದ ಫಿಶ್ ಫೈಂಡರ್ ಒಡೆದೆ,
ಒಳಗೆ ಕೂದಲಿಗಿಂತ ತೆಳು ತಾಮ್ರ.
ಹೆಂಡತಿಯ ಹೊಲಿಗೆ ಮಿಷನ್ನಿನಲ್ಲಿ ಸಿಕ್ಕಿಸಿ
ನಾನು ಸುತ್ತಿದೆ, ಜಲಜ ಎಣಿಸಿದಳು.
ಮೂರು ಸಾವಿರಕ್ಕೆ ಕುಕ್ಕರ್ ಕೂಗಿ ಲೆಕ್ಕ ತಪ್ಪಿತು.
ಅಲ್ಲಿಂದ ಮುಂದೆ ಅಂದಾಜು.

ಮೊನ್ನೆ ಮುಂಬೈಯಿಂದ ಒಬ್ಬ ಬಂದಿದ್ದ,
ಹಳೆಯ ಬೇಸುಗಳನ್ನು ಸಂಗ್ರಹಿಸುವವನು.
ಬಿಳಿ ಕೈಚೀಲ, ಸಣ್ಣ ಟಾರ್ಚು.
ಗಿಟಾರಿನ ಬೆನ್ನು ಮೂಸಿ ನೋಡಿದ, ಸತ್ಯವಾಗಿಯೂ.
ಎರಡು ಲಕ್ಷ ಅಂದ.
ಆಮೇಲೆ ನಾಲ್ಕು ಸ್ಕ್ರೂ ಬಿಚ್ಚಿ, ನನ್ನ ತಾಮ್ರ ಕಂಡು
ನಲವತ್ತು ಸಾವಿರ ಅಂದ.
‘ಒರಿಜಿನಲ್ ಅಲ್ಲ ಇದು.’

ನಾನು ನನ್ನ ಬೆರಳ ಗ್ರೀಸು ನೋಡುತ್ತ ನಿಂತೆ.

ಮಾಮ ಮಾತಾಡಲಿಲ್ಲ. ಸ್ಕ್ರೂ ತಿರುಗಿಸಿದ,
ವಯರು ಸಿಕ್ಕಿಸಿದ,
ಎಲ್ಲಕ್ಕಿಂತ ದಪ್ಪದ್ದನ್ನು ಒಮ್ಮೆ ಮುಟ್ಟಿದ.

ಬಾಲ ಯೇಸುವಿನ ಗಾಜು ನಡುಗಿತು.
ತಟ್ಟೆಯಲ್ಲಿದ್ದ ಚಮಚ ಒಂದಂಗುಲ ಜರುಗಿತು.
ಹೊರಗೆ ತಗಡಿನ ಗೇಟು
ಯಾರೋ ಬಂದರೆಂಬಂತೆ ಝುಂ ಅಂದಿತು,
ಹೋಗಿ ನೋಡಿದರೆ ಯಾರಿಲ್ಲ, ಬೆಕ್ಕು.
ಅವನು ಮೇಜಿನ ಮೇಲಿಟ್ಟ ಅಂಗೈ ತೆಗೆಯಲಿಲ್ಲ,
ಸ್ವರ ಪೂರ್ತಿ ಆರುವವರೆಗೆ,
ಆರಿದ ಮೇಲೂ.

ದುಡ್ಡಿನ ಮಾತು ಮತ್ತೆ ಬರಲಿಲ್ಲ.
ರಿಕ್ಷಾ ಹತ್ತುವಾಗ ನನ್ನನ್ನು ಬದಿಗೆ ಕರೆದು
ತಗ್ಗಿದ ದನಿಯಲ್ಲಿ ಕೇಳಿದ:
‘ಎಷ್ಟು ಸುತ್ತು?’
‘ಮೂರು ಸಾವಿರ, ಮತ್ತೆ ಕುಕ್ಕರ್’ ಅಂದೆ.
ಬರೆದುಕೊಂಡ.

ಒಳಗೆ ಬಂದರೆ ಮಾಮ ಕಿವಿ ಮರಕ್ಕೊತ್ತಿ
ದಪ್ಪ ತಂತಿಯ ಕೀಲಿ ಸಡಿಲಿಸುತ್ತಿದ್ದ,
ಸ್ವಲ್ಪ, ಇನ್ನೂ ಸ್ವಲ್ಪ.
‘ಎಂತ ಮಾಮ?’
‘ಕೆಳಗೆ ಇನ್ನೂ ಜಾಗ ಉಂಟು’ ಅಂದ.