ಹತ್ತು ದಿನದ ಬೆಕ್ಕು

ಜುಟ್ಟಿನ ಗುಡ್ಡೆಯಲ್ಲಿ ಏನೋ ಒದ್ದಾಡುತ್ತಿತ್ತು.
ಇಲಿಯೆಂದುಕೊಂಡು ಬೇಸಿನ್ ಬಿಟ್ಟೇಳಲಿಲ್ಲ,
ಗೂಡು ಬೆಂದು ಎಳೆ ಬಿಡುವ ಹೊತ್ತು.
ಆಮೇಲೆ ಕೂಗಿತು.
ಇಲಿ ಹಾಗೆ ಕೂಗುವುದಿಲ್ಲ.

ಹುಳ ತಿನ್ನಲು ದಿನಾ ಬರುವ ಬೂದು ಬೆಕ್ಕು.
ಕತ್ತಿಗೆ ಮೂರು ಸುತ್ತು, ಹಿಂಗಾಲಿಗೆ ಲೆಕ್ಕವಿಲ್ಲ,
ಎಳೆದಷ್ಟೂ ಬಿಗಿ.
ಊದಿದರೆ ಹಾರಿಹೋಗುವ ರೇಷ್ಮೆಗೆ
ಇಷ್ಟು ಹಟ ಇದೆಯೆಂದು
ಇಪ್ಪತ್ತು ವರ್ಷ ಅದನ್ನೇ ಹಿಡಿದ ಕೈಗೆ
ಗೊತ್ತಿರಲಿಲ್ಲ.

ಕತ್ತರಿ ತಂದೆ.
"ಬಿಡು ಫಮೀದಾ, ಪರಚುತ್ತೆ" ಅಂದಳು ಅಂಜಿನಮ್ಮ,
ಅನ್ನುತ್ತಲೇ ಹಿಂಗಾಲು ಹಿಡಿದುಕೊಂಡಳು.
ಕೊನೆಯ ಸುತ್ತು ಕತ್ತರಿಸಿದ್ದೇ ತಡ
ಬಲಗೈ ಹೆಬ್ಬೆರಳಿಗೆ ಎರಡೂ ಕೋರೆ ಇಳಿಸಿ
ಹೆಂಚಿನ ಸಂದಿಯಲ್ಲಿ ಮಾಯ.

ಎಲೆಯಡಿಕೆ ಚೀಲದ ಸುಣ್ಣ ತೆಗೆದು ಮೆತ್ತಿದಳು ಅಂಜಿನಮ್ಮ.
ಸತ್ತಾರ್ ಸಾಬರು ಕರೆಂಟಿನ ಮೀಟರ್ ನೋಡುವಂತೆ ಬೆರಳು ನೋಡಿ
"ಸಂಜೆಗೆ ಹೋಗಿ ಬಾ" ಅಂದರು.
ಸಂಜೆಗೆ ಬೆರಳು ಬದನೆಕಾಯಿ.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು
ಮೂರು ಸಲ ಹೆಸರು ಕೇಳಿ ಪಮಿದ ಎಂದು ಬರೆದ.
"ಏಮಿ ಕರಿಚಿಂದಿ?" ನರ್ಸಮ್ಮ ಕೇಳಿದರು, "ನಾಯಿನಾ, ಕೋತಿನಾ?"
ಬೆಕ್ಕು, ಅಂದೆ.
ಬೆಂಚಿನ ಮೇಲಿದ್ದ ಯಜಮಾನರು ನಕ್ಕರು.
ಅವರು ತಮ್ಮದೇ ಹೋರಿಯ ಮೂಗುದಾರ ಸಡಿಲಿಸಲು ಹೋಗಿ
ತೊಡೆಗೆ ತಿವಿಸಿಕೊಂಡು ಬಂದವರು.
ನನಗೂ ನಗು ಬಂತು, ತಡೆದುಕೊಂಡೆ.

"ಸುಣ್ಣ ಹಚ್ಚಿದವರು ಯಾರು?"
ಡಾಕ್ಟರಮ್ಮ ಇನ್ನೂ ಕಾಲೇಜು ಹುಡುಗಿಯ ಹಾಗಿದ್ದರು,
ಬೈಗುಳ ಮಾತ್ರ ಅತ್ತೆಯದು.
ನಲ್ಲಿ ತಿರುಗಿಸಿ, ಸಾಬೂನು ಕೊಟ್ಟು,
"ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡು."
ಇಷ್ಟು ಹೊತ್ತು ತಣ್ಣೀರಿನಲ್ಲಿ
ನನ್ನ ಕೈ ಯಾವತ್ತೂ ಇದ್ದಿರಲಿಲ್ಲ.

ಆಮೇಲೆ ಪುಸ್ತಕ ತೆರೆದು ಕೇಳಿದರು:
ಸಾಕಿದ್ದಾ, ಬೀದಿದಾ?
ಮಾಲೀಕರು ಎನ್ನುವ ಕಡೆ ಪೆನ್ನು ನಿಂತಿತ್ತು.
ಅದಕ್ಕೆ ಹಾಲಿಟ್ಟವಳಲ್ಲ ನಾನು,
ಹೆಸರಿಟ್ಟವಳಲ್ಲ,
ಬಾಗಿಲಲ್ಲಿ ಕೂತರೆ ಹುಶ್ ಎಂದಿದ್ದೇನೆ ನೂರು ಸಲ.
ನಂದೇ, ಅಂದೆ.
ಬಾಯಿಗೆ ಯಾಕೆ ಬಂತೋ.

"ಹಾಗಾದರೆ ಹತ್ತು ದಿನ ಅದರ ಮೇಲೆ ಕಣ್ಣಿಡಿ.
ಜೊಲ್ಲು ಸುರಿಸಿದರೆ, ಸತ್ತರೆ, ಕಾಣೆಯಾದರೆ ಬಂದು ಹೇಳಿ.
ಸೂಜಿ ಮಾತ್ರ ತಪ್ಪಿಸಬೇಡಿ."
ಗಾಯದೊಳಗೇ ಕೊಡುವ ಔಷಧಿ ಇಲ್ಲಿ ಮುಗಿದಿದೆ ಎಂದು
ರಾತ್ರಿ ಬಸ್ಸಿಗೆ ಚಿಕ್ಕಬಳ್ಳಾಪುರ.
ಅಲ್ಲಿ ಹೆಬ್ಬೆರಳ ಸುತ್ತ ಸೂಜಿ ಇಳಿದಾಗ
ವಾರ್ಡು ಎದ್ದು ಕೂರುವ ಹಾಗೆ ಚೀರಿದೆ.
ಕುದಿಯುವ ನೀರಿಗೆ ಸತ್ತೇಹೋಯಿತು ಅಂದುಕೊಂಡಿದ್ದ ಚರ್ಮ
ಒಳಗೆಲ್ಲೋ ಬದುಕಿತ್ತು.

ಈಗ ಎಡಗೈಯಲ್ಲಿ ಎಳೆ ಹುಡುಕುತ್ತೇನೆ,
ಬಿಡುವಾದಾಗ ಬೆಕ್ಕು ಹುಡುಕುತ್ತೇನೆ.
ಎರಡನೇ ದಿನ ಇಲ್ಲ.
ಬಾಯ್ಲರ್ ಹಿಂದೆ, ಹುಳದ ರಾಶಿಯ ಹತ್ತಿರ, ಗುಜರಿ ಅಂಗಡಿಯ ಡ್ರಮ್ಮುಗಳ ನಡುವೆ ಬಗ್ಗಿ ಬಗ್ಗಿ ನೋಡಿದೆ.
ಏನೆಂದು ಕೂಗಲಿ?
ನಂದು ಅಂತ ಪುಸ್ತಕದಲ್ಲಿ ಬರೆದಿದೆ,
ಬೆಕ್ಕಿಗೆ ಯಾರೂ ಓದಿ ಹೇಳಿಲ್ಲ.
ಮೂರನೇ ದಿನದ ಸೂಜಿಗೆ ಹೋದರೆ
"ಬೆಕ್ಕು ಹೇಗಿದೆ?"
ಚೆನ್ನಾಗಿದೆ ಅಂದೆ.
ತೋಳಿಗಿಂತ ಆ ಸುಳ್ಳು ಹೆಚ್ಚು ನೋಯುತ್ತಿತ್ತು
ಮನೆಗೆ ಬರುವವರೆಗೂ.

ಐದನೇ ದಿನ ಕಾಂಪೌಂಡಿನ ಮೇಲೆ ಕೂತಿತ್ತು.
ಕತ್ತಿನ ಸುತ್ತ ಕೂದಲಿಲ್ಲದ ಗೆರೆ,
ನನ್ನ ಬ್ಯಾಂಡೇಜಿನಷ್ಟೇ ಅಗಲ.
ಕುಡಿಯುತ್ತದಾ ನೋಡಬೇಕಿತ್ತು.
ಅಂಜಿನಮ್ಮನ ಟೀ ಸಾಸರಿನಲ್ಲಿ ಹಾಲಿಟ್ಟು
ದೂರ ನಿಂತೆ.
ಹಾಲು ನೋಡಿತು, ಹೆಬ್ಬೆರಳು ನೋಡಿತು,
ಇನ್ನೂ ಐದು ದಿನ ಇದೆಯಲ್ಲ ಎನ್ನುವಂತೆ
ನಿಧಾನವಾಗಿ ಆಕಳಿಸಿತು.
ಆ ಎರಡು ಕೋರೆ ಕಂಡವು.
ಎಷ್ಟು ಸಣ್ಣವು.